ಹಿಂದಿನ ಚಕ್ರ, ಮುಂದಿನ ಚಕ್ರ: ಅಂಬಾಸಿಡರ್ ಮತ್ತು ಮಾರುತಿ 800

2014ನೇ ಇಸವಿಯ ಜನವರಿಯಲ್ಲಿ ಗುರುಗ್ರಾಮದ ಕಾರ್ಖಾನೆಯಲ್ಲಿ ಮಾರುತಿ 800 ಕಾರಿನ ತಯಾರಿಕೆ ನಿಂತಿತು. ಅದೇ ವರ್ಷ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಕಾರಿನ ತಯಾರಿಕೆಯೂ ನಿಂತಿತು. ಒಂದು 1957-58ರ ಸುಮಾರಿಗೆ ರಸ್ತೆಗೆ ಬಂದದ್ದು, ಇನ್ನೊಂದು 1983ರ ಡಿಸೆಂಬರಿನಲ್ಲಿ. ಹುಟ್ಟಿನಲ್ಲಿ ಕಾಲು ಶತಮಾನದ ಅಂತರವಿದ್ದ ಎರಡು ಕಾರುಗಳು ನಾಲ್ಕು ತಿಂಗಳ ಅಂತರದಲ್ಲಿ ಕೊನೆಗಂಡವು.

ಇವುಗಳ ಬಗ್ಗೆ ಬರೆದವರು, ಮಾತಾಡಿದವರು ಬಹಳ ಜನ. ಹೆಚ್ಚಿನ ಮಾತೆಲ್ಲ ನೆನಪಿನದು. ಮಂತ್ರಿಗಳ ಕೆಂಪು ದೀಪ, ಮದುವೆ ದಿಬ್ಬಣ, ಅಪ್ಪ ಸಾಲ ಮಾಡಿ ಕೊಂಡ ಮೊದಲ ಕಾರು. ಆ ನೆನಪುಗಳು ನನಗೂ ಪ್ರಿಯವೇ. ಇವತ್ತು ಮಾತ್ರ ನಿಮ್ಮನ್ನು ಈ ಕಾರುಗಳ ಅಡಿಗೆ, ಗ್ಯಾರೇಜಿನ ಗುಂಡಿಯೊಳಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಎಂಜಿನ್ನಿನ ಬಲ ಯಾವ ಚಕ್ರಕ್ಕೆ ಹೋಗಬೇಕು ಎಂಬ ಪ್ರಶ್ನೆಗೆ ಇವೆರಡೂ ಬೇರೆ ಬೇರೆ ಉತ್ತರ ಕೊಟ್ಟವು. ಒಳಗೆ ಎಷ್ಟು ಜನ ಕೂರಬಹುದು, ಘಾಟಿಯಲ್ಲಿ ಕಾರು ಹೇಗೆ ಹತ್ತುತ್ತದೆ, ಕೆಸರಿನಲ್ಲಿ ಹೂತರೆ ಏನು ಮಾಡಬೇಕು, ಕೆಟ್ಟಾಗ ಮೆಕ್ಯಾನಿಕ್ ಎಲ್ಲಿಗೆ ಕೈ ಹಾಕಬೇಕು, ಇವೆಲ್ಲ ಆ ಉತ್ತರದಿಂದಲೇ ತೀರ್ಮಾನವಾದವು.

ಮೊದಲು ಅಂಬಾಸಿಡರ್. ಗುಂಡಿಗೆ ಇಳಿದು ಕತ್ತೆತ್ತಿ ನೋಡಿದರೆ ಮುಂದೆ ಎಂಜಿನ್ನು, ಅದರ ಬೆನ್ನಿಗೆ ಗೇರ್ ಬಾಕ್ಸು. ಗೇರ್ ಬಾಕ್ಸಿನ ಬಾಲದಿಂದ ಒಂದು ಉದ್ದನೆಯ ಕಬ್ಬಿಣದ ಕೊಳವೆ ಕಾರಿನ ನಡುಮಧ್ಯದಲ್ಲಿ ಹಿಂದಕ್ಕೆ ಹೋಗುತ್ತದೆ. ಅದು ಪ್ರೊಪೆಲ್ಲರ್ ಶಾಫ್ಟು. ಅದರ ಎರಡೂ ತುದಿಗೆ ಕೂಡು ಚಿಹ್ನೆಯ ಆಕಾರದ ಒಂದೊಂದು ಕೀಲು. ನಮ್ಮ ಮೆಕ್ಯಾನಿಕ್‌ಗಳು ಅದನ್ನು ಕ್ರಾಸ್ ಅನ್ನುತ್ತಾರೆ. ಹಿಂದಿನ ಆಕ್ಸಲ್ಲಿನ ನಡುವೆ ಗುಂಡನೆಯ ಹೌಸಿಂಗು, ಅದರೊಳಗೆ ಕ್ರೌನು ಮತ್ತು ಪಿನಿಯನ್ನು. ಉದ್ದಕ್ಕೆ ಬಂದ ತಿರುಗುವಿಕೆಯನ್ನು ಇವು ಅಡ್ಡಕ್ಕೆ ತಿರುಗಿಸಿ ಎಡಬಲದ ಚಕ್ರಗಳಿಗೆ ಹಂಚುತ್ತವೆ. ಈ ಇಡೀ ಆಕ್ಸಲ್ಲು ಎರಡು ಕಮಾನು ಪಟ್ಟೆಗಳ ಮೇಲೆ ಕೂತಿದೆ. ಎಲ್ಲವೂ ದಪ್ಪ, ಎಲ್ಲವೂ ಕಣ್ಣಿಗೆ ಕಾಣುತ್ತದೆ, ಎಲ್ಲದಕ್ಕೂ ಪಾನ ಹಾಕಬಹುದು.

ಈಗ ಆ ಕಾರನ್ನು ಹೊರಗೆ ತಳ್ಳಿ ಮಾರುತಿಯನ್ನು ಗುಂಡಿಯ ಮೇಲೆ ತಂದು ನಿಲ್ಲಿಸಿ. ನಡುವೆ ಏನೂ ಇಲ್ಲ. ಸೈಲೆನ್ಸರ್ ಪೈಪು, ಹ್ಯಾಂಡ್ ಬ್ರೇಕಿನ ಕೇಬಲ್ಲು, ಪೆಟ್ರೋಲು ಮತ್ತು ಬ್ರೇಕ್ ಆಯಿಲಿನ ಸಣ್ಣ ಕೊಳವೆಗಳು, ಅಷ್ಟೇ. ಹಿಂದಿನ ಚಕ್ರಗಳು ಸುಮ್ಮನೆ ಉರುಳುವುದಕ್ಕೆ ಇರುವವು. ಕೆಲಸವೆಲ್ಲ ಮುಂದಿನ ಬಾನೆಟ್ಟಿನ ಅಡಿಯಲ್ಲೇ ಮುಗಿದುಹೋಗುತ್ತದೆ. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನನ್ನು ಅಡ್ಡಡ್ಡಲಾಗಿ ಕೂರಿಸಿ, ಅದರ ಪಕ್ಕಕ್ಕೇ ಗೇರ್ ಬಾಕ್ಸು ಸೇರಿಸಿ, ಅಲ್ಲಿಂದ ಎರಡು ಗಿಡ್ಡ ಶಾಫ್ಟುಗಳನ್ನು ನೇರವಾಗಿ ಮುಂದಿನ ಎರಡು ಚಕ್ರಗಳಿಗೆ ಕೊಟ್ಟಿದ್ದಾರೆ.

ಕಾರಿನ ಗಾತ್ರಕ್ಕೂ ಇದಕ್ಕೂ ಏನು ಸಂಬಂಧ ಅನ್ನುವುದನ್ನು ಅಳತೆಯಲ್ಲೇ ನೋಡಬಹುದು. ಅಂಬಾಸಿಡರ್ ಸುಮಾರು 4325 ಮಿಲಿಮೀಟರ್ ಉದ್ದ. ಮಾರುತಿ 800 ಸುಮಾರು 3335. ಹತ್ತಿರ ಹತ್ತಿರ ಒಂದು ಮೀಟರ್ ವ್ಯತ್ಯಾಸ. ಆದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಳೆದು ನೋಡಿ. ಅಂಬಾಸಿಡರಿನಲ್ಲಿ ಸುಮಾರು 2464 ಮಿಲಿಮೀಟರ್, ಮಾರುತಿಯಲ್ಲಿ 2175. ಇಲ್ಲಿ ವ್ಯತ್ಯಾಸ ಮೂವತ್ತು ಸೆಂಟಿಮೀಟರಿಗೂ ಕಡಿಮೆ. ಹೊರಗೆ ಒಂದು ಮೀಟರ್ ಕಡಿಮೆಯಾದರೂ ಜನ ಕೂರುವ ನಡುಭಾಗದಲ್ಲಿ ಕಳೆದುಕೊಂಡದ್ದು ಅಷ್ಟು ಕಡಿಮೆ. ಉಳಿದ ಕಡಿತವೆಲ್ಲ ಬಾನೆಟ್ಟಿನಲ್ಲಿ ಮತ್ತು ಡಿಕ್ಕಿಯಲ್ಲಿ ಆದದ್ದು. ಬಾನೆಟ್ಟು ಗಿಡ್ಡವಾದದ್ದು ಎಂಜಿನ್ನನ್ನು ಅಡ್ಡ ತಿರುಗಿಸಿದ್ದರ ಫಲ. ಮಾರುತಿಯ ಡಿಕ್ಕಿಯಲ್ಲಿ ಎರಡು ಸೂಟ್‌ಕೇಸ್ ಇಡುವುದೇ ಕಷ್ಟ ಎಂದು ಬೈದವರು ಹೇಳಿದ್ದು ಸುಳ್ಳಲ್ಲ. ಜಾಗವನ್ನು ಸಾಮಾನಿನಿಂದ ಕಿತ್ತು ಮನುಷ್ಯರಿಗೆ ಕೊಟ್ಟ ಕಾರು ಅದು.

ಅಂಬಾಸಿಡರಿನ ಲೆಕ್ಕವೇ ಬೇರೆ. ಶಾಫ್ಟು ನಡುವೆ ಹೋಗಬೇಕಾದ್ದರಿಂದ ನೆಲದಲ್ಲಿ ಒಂದು ದಿಣ್ಣೆ ಎದ್ದಿತು. ಹಿಂದಿನ ಸೀಟಿನ ನಡುವೆ ಕೂತವರು ಆ ದಿಣ್ಣೆಯ ಎರಡು ಬದಿಗೆ ಕಾಲಿಟ್ಟುಕೊಂಡು, ಮೊಣಕಾಲು ಎತ್ತರಿಸಿಕೊಂಡು ಕೂರಬೇಕು. ಮನೆಯ ಮಕ್ಕಳಿಗೆ ಆ ಜಾಗ ಮೀಸಲು. ಆದರೂ ಕಾರು ಅಗಲವಾಗಿತ್ತು, ಸುಮಾರು 1676 ಮಿಲಿಮೀಟರ್. ಹಳೆಯ ಮಾದರಿಗಳಲ್ಲಿ ಗೇರಿನ ಕಡ್ಡಿಯನ್ನು ಸ್ಟೇರಿಂಗಿನ ಕಂಬಕ್ಕೇ ಸಿಕ್ಕಿಸಿದ್ದರಿಂದ ಮುಂದಿನ ಸೀಟು ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ ಬೆಂಚು. ಡ್ರೈವರ್ ಪಕ್ಕ ಇಬ್ಬರು ಆರಾಮಾಗಿ ಕೂರುತ್ತಿದ್ದರು, ಮೂರನೆಯವರು ಬಾಗಿಲಿಗೆ ಒತ್ತಿಕೊಂಡು. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಬಸ್ಸು ತಪ್ಪಿದವರನ್ನು ತುಂಬಿಕೊಂಡು ಊರೂರಿಗೆ ಓಡುತ್ತಿದ್ದ ಬಾಡಿಗೆ ಅಂಬಾಸಿಡರ್‌ಗಳಲ್ಲಿ ಕೂತವರಿಗೆ ಆ ಮುಂದಿನ ಬೆಂಚಿನ ಪರಿಚಯ ಚೆನ್ನಾಗಿಯೇ ಇದ್ದೀತು.

ಹಾಗಾದರೆ ಎಲ್ಲ ಕಾರುಗಳನ್ನೂ ಮೊದಲಿನಿಂದಲೇ ಮುಂದಿನ ಚಕ್ರ ತಿರುಗುವ ಹಾಗೆ ಯಾಕೆ ಮಾಡಲಿಲ್ಲ? ಉತ್ತರ ಒಂದು ಸಣ್ಣ ಕೀಲಿನಲ್ಲಿದೆ. ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಈ ಇಡೀ ಕಥೆ ಅದರ ಮೇಲೆ ನಿಂತಿದೆ.

ಅಂಬಾಸಿಡರಿನ ಶಾಫ್ಟಿನಲ್ಲಿರುವ ಕ್ರಾಸ್ ಕೀಲಿಗೆ ಒಂದು ದೋಷವಿದೆ. ಅದು ಬಾಗಿದ ಸ್ಥಿತಿಯಲ್ಲಿ ತಿರುಗಿದರೆ ಈ ಕಡೆ ಸಮನಾಗಿ ಬಂದ ವೇಗ ಆ ಕಡೆ ಏರಿಳಿಯುತ್ತದೆ. ಒಂದು ಸುತ್ತಿನಲ್ಲಿ ಎರಡು ಸಲ ವೇಗ ಹೆಚ್ಚಿ, ಎರಡು ಸಲ ತಗ್ಗುತ್ತದೆ. ಪ್ರೊಪೆಲ್ಲರ್ ಶಾಫ್ಟಿನಲ್ಲಿ ಇದು ತೊಂದರೆ ಮಾಡುವುದಿಲ್ಲ. ಮುಂದಿನ ಕ್ರಾಸ್ ಮಾಡಿದ ಏರಿಳಿತವನ್ನು ಹಿಂದಿನ ಕ್ರಾಸ್ ಸರಿದೂಗಿಸುತ್ತದೆ, ಬಾಗುವ ಕೋನವೂ ಚಿಕ್ಕದು. ಮುಂದಿನ ಚಕ್ರದ ವಿಷಯ ಹಾಗಲ್ಲ. ಅದು ಕಾರನ್ನು ಎಳೆಯಲೂ ಬೇಕು, ಸ್ಟೇರಿಂಗ್ ತಿರುಗಿಸಿದಾಗ ಎಡಕ್ಕೂ ಬಲಕ್ಕೂ ಹೊರಳಲೂ ಬೇಕು, ಗುಂಡಿಗೆ ಬಿದ್ದರೆ ಮೇಲೆ ಕೆಳಗೆ ಆಡಲೂ ಬೇಕು. ಅಲ್ಲಿ ಕ್ರಾಸ್ ಹಾಕಿದರೆ ಪ್ರತಿ ತಿರುವಿನಲ್ಲೂ ಸ್ಟೇರಿಂಗು ಡ್ರೈವರ್ ಕೈಯಲ್ಲಿ ನಡುಗುತ್ತದೆ.

ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಮುಖ್ಯನಾದವನು ಆಲ್ಫ್ರೆಡ್ ರ‍್ಜೆಪ್ಪಾ ಎಂಬ ಎಂಜಿನಿಯರ್, 1920ರ ದಶಕದಲ್ಲಿ. ಒಂದು ಬಟ್ಟಲು, ಅದರೊಳಗೆ ಒಂದು ಗುಂಡು, ಎರಡರಲ್ಲೂ ಕೊರೆದ ಆರು ಬಾಗಿದ ಓಣಿಗಳು. ಆ ಓಣಿಗಳಲ್ಲಿ ಆರು ಉಕ್ಕಿನ ಗುಂಡುಗಳು, ಅವು ಚದುರದಂತೆ ಹಿಡಿಯುವ ಒಂದು ಪಂಜರ. ಕೀಲು ಎಷ್ಟು ಬಾಗಿದರೂ ಆ ಆರು ಗುಂಡುಗಳು ಯಾವಾಗಲೂ ಕೋನದ ಸರಿ ಅರ್ಧಕ್ಕೆ ನಿಲ್ಲುತ್ತವೆ. ಹಾಗಾಗಿ ಈ ಕಡೆಯ ವೇಗವೇ ಆ ಕಡೆಗೂ ಏರಿಳಿತವಿಲ್ಲದೆ ದಾಟುತ್ತದೆ. ಒಮ್ಮೆ ಬಿಚ್ಚಿದ ಕೀಲನ್ನು ಕೈಯಲ್ಲಿ ಹಿಡಿದು ನೋಡಿ. ಮುಷ್ಟಿಗಿಂತ ಸ್ವಲ್ಪ ದೊಡ್ಡದು, ಕಪ್ಪು ಗ್ರೀಸಿನಲ್ಲಿ ಮುಳುಗಿರುತ್ತದೆ, ಒರೆಸಿದರೆ ಓಣಿಗಳು ಕನ್ನಡಿಯ ಹಾಗೆ ಹೊಳೆಯುತ್ತವೆ. ಅಷ್ಟು ಸೂಕ್ಷ್ಮವಾಗಿ ಅರೆದು ಮಾಡಬೇಕಾದ ವಸ್ತುವನ್ನು ಲಕ್ಷಗಟ್ಟಲೆ ಸಂಖ್ಯೆಯಲ್ಲಿ, ಕೈಗೆಟಕುವ ಬೆಲೆಯಲ್ಲಿ ತಯಾರಿಸುವುದು ಬಹಳ ಕಾಲದವರೆಗೆ ಸುಲಭವಿರಲಿಲ್ಲ.

ಫ್ರಾನ್ಸಿನ ಸಿಟ್ರೊಯೆನ್ ಕಂಪನಿ 1934ರಲ್ಲೇ ಮುಂದಿನ ಚಕ್ರ ಎಳೆಯುವ ಕಾರನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿತ್ತು. ಆದರೂ ಸಣ್ಣ ಕಾರುಗಳ ದಾರಿ ಬದಲಿಸಿದ್ದು 1959ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಮಿನಿ. 1956ರ ಸೂಯೆಜ್ ಬಿಕ್ಕಟ್ಟಿನಿಂದ ಅಲ್ಲಿ ಪೆಟ್ರೋಲಿಗೆ ಬರ ಬಂದಾಗ, ಸಣ್ಣ ಕಾರು ಬೇಕು, ನಾಲ್ಕು ಜನ ಸರಿಯಾಗಿ ಕೂರಬೇಕು ಎಂದು ಬಿಎಂಸಿ ಕಂಪನಿ ಕೇಳಿತು. ಅಲ್ಲಿನ ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ಎಂಜಿನ್ನನ್ನು ಅಡ್ಡ ತಿರುಗಿಸಿ, ಗೇರ್ ಬಾಕ್ಸನ್ನು ಅದರ ಅಡಿಯ ಎಣ್ಣೆ ತೊಟ್ಟಿಯೊಳಗೇ ಇಟ್ಟು, ಮೂರೇ ಮೀಟರ್ ಉದ್ದದ ಕಾರು ಮಾಡಿ ಕೊಟ್ಟರು. ಚಕ್ರಕ್ಕೆ ಬಳಸಿದ್ದು ರ‍್ಜೆಪ್ಪಾ ಮಾದರಿಯ ಕೀಲು. 1964ರಲ್ಲಿ ಇಟಲಿಯ ದಾಂತೆ ಜಾಕೋಸಾ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಗೇರ್ ಬಾಕ್ಸನ್ನು ಎಂಜಿನ್ನಿನ ಪಕ್ಕಕ್ಕೆ ಇಟ್ಟರು. ಮಾರುತಿ 800 ಅನುಸರಿಸಿದ್ದು ಈ ಇಟಲಿಯ ಕ್ರಮವನ್ನು. ಇವತ್ತು ನಮ್ಮ ಬೀದಿಯಲ್ಲಿ ನಿಂತಿರುವ ಬಹುಪಾಲು ಸಣ್ಣ ಕಾರುಗಳದೂ ಅದೇ ಕ್ರಮ.

ಇದೇ ಇಸಿಗೋನಿಸ್ ಅದಕ್ಕೂ ಮೊದಲು, 1948ರ ಮೋರಿಸ್ ಮೈನರ್ ಕಾರಿನ ವಿನ್ಯಾಸಕಾರರು. ಆ ಮೈನರ್‌ನಲ್ಲಿದ್ದ ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರು, ರ‍್ಯಾಕ್ ಮತ್ತು ಪಿನಿಯನ್ ಸ್ಟೇರಿಂಗು ಅದೇ ಕಂಪನಿಯ ಆಕ್ಸ್‌ಫರ್ಡ್ ಕಾರಿನಲ್ಲೂ ಇದ್ದವು. ಆಕ್ಸ್‌ಫರ್ಡಿನ ಮೂರನೆಯ ಸರಣಿಯೇ ಉತ್ತರಪಾರಾಕ್ಕೆ ಬಂದು ಅಂಬಾಸಿಡರ್ ಆದದ್ದು. ಇನ್ನೊಂದು ವಿಷಯ. ಅಂಬಾಸಿಡರಿನಲ್ಲಿ ದಶಕಗಟ್ಟಲೆ ದುಡಿದ 1489 ಸಿಸಿ ಎಂಜಿನ್ನು ಬಿಎಂಸಿ ಕಂಪನಿಯ ಬಿ ಸರಣಿಯದು. ಅದೇ ಸರಣಿಯ ಸ್ವಲ್ಪ ದೊಡ್ಡ ಎಂಜಿನ್ನನ್ನು 1964ರಲ್ಲಿ ಇಸಿಗೋನಿಸ್ ಆಸ್ಟಿನ್ 1800 ಎಂಬ ಕಾರಿನಲ್ಲಿ ಅಡ್ಡ ತಿರುಗಿಸಿ ಮುಂದಿನ ಚಕ್ರಕ್ಕೆ ಜೋಡಿಸಿದರು. ಅಂದರೆ ಅಂಬಾಸಿಡರಿನ ಎಂಜಿನ್ ವಂಶಕ್ಕೂ ಈ ದಾರಿ ತೆರೆದಿತ್ತು. ಪೈಪೋಟಿ ಅಷ್ಟಾಗಿ ಇಲ್ಲದ, ಹೊಸ ಯಂತ್ರಕ್ಕೆ ಪರವಾನಗಿ ಬೇಡಬೇಕಾಗಿದ್ದ ನಮ್ಮ ಆ ಕಾಲದ ಮಾರುಕಟ್ಟೆಯಲ್ಲಿ ಆ ದಾರಿ ಹಿಡಿಯುವ ಒತ್ತಡ ಯಾರಿಗೂ ಇರಲಿಲ್ಲ. ಅದು ನನಗೆ ಇವತ್ತಿಗೂ ನೋವಿನ ವಿಷಯ. ಉತ್ತರಪಾರಾದಲ್ಲಿ ನುರಿತ ಕೈಗಳಿದ್ದವು, ಎರಕ ಹೊಯ್ಯುವುದರಿಂದ ಹಿಡಿದು ಪೂರ್ತಿ ಕಾರನ್ನು ತಾವೇ ಮಾಡುವ ಕಾರ್ಖಾನೆ ಅದು.

ಇನ್ನು ರಸ್ತೆಗೆ ಬರೋಣ.

1489 ಸಿಸಿ ಪೆಟ್ರೋಲ್ ಅಂಬಾಸಿಡರಿನ ಬಲ ಸುಮಾರು 50 ಅಶ್ವಶಕ್ತಿ, ತೂಕ ಸುಮಾರು 1100 ಕಿಲೋ. ಹಳೆಯ ಮಾರುತಿಯ ಬಲ 40ಕ್ಕೂ ಒಂಚೂರು ಕಡಿಮೆ, ತೂಕ ಸುಮಾರು 650 ಕಿಲೋ. ಡ್ರೈವರ್ ಒಬ್ಬನೇ ಇದ್ದಾಗ ಅಂಬಾಸಿಡರಿನ ಒಂದೊಂದು ಅಶ್ವಶಕ್ತಿ 22, 23 ಕಿಲೋ ಎಳೆಯಬೇಕು, ಮಾರುತಿಯದು 18 ಕಿಲೋ. ಅದಕ್ಕೇ ಸಿಗ್ನಲ್ಲಿನಲ್ಲಿ ಹಸಿರು ಬಿದ್ದ ಕೂಡಲೇ ಮಾರುತಿ ಮುಂದೆ ಚಿಮ್ಮಿ ಹೋಗುತ್ತಿತ್ತು. ಈಗ ಐದು ಜನ ಕೂತರು ಅನ್ನಿ, ಮುನ್ನೂರು ಕಿಲೋ. ಖಾಲಿ ಅಂಬಾಸಿಡರಿನ ತೂಕಕ್ಕೆ ಅದು ಕಾಲು ಭಾಗಕ್ಕಿಂತ ತುಸು ಹೆಚ್ಚಷ್ಟೇ. ಮಾರುತಿಯ ತೂಕಕ್ಕೆ ಅದು ಅರ್ಧಕ್ಕೆ ಹತ್ತಿರ. ಸಂಸಾರ ಸಮೇತ ಘಾಟಿ ಹತ್ತುವಾಗ ಮಾರುತಿಗೆ ಎರಡನೇ ಗೇರು, ಎಷ್ಟೋ ಸಲ ಮೊದಲನೇ ಗೇರು ಬೇಕಾಗುತ್ತಿದ್ದುದು ಇದಕ್ಕೇ. ಅಂಬಾಸಿಡರ್ ಮೊದಲಿಂದಲೂ ನಿಧಾನ, ಹೊರೆ ಹೇರಿದರೂ ಅದೇ ನಿಧಾನ.

ಇದಕ್ಕೆ ಚಕ್ರದ ವಿಷಯ ಸೇರಿಸಿ. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಘಾಟಿಯನ್ನೇ ತೆಗೆದುಕೊಳ್ಳಿ. ಏರಿನಲ್ಲಿ ಯಾವುದೇ ವಾಹನದ ಭಾರ ಹಿಂದಕ್ಕೆ ಜರುಗುತ್ತದೆ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಅಕ್ಕಿ ಮೂಟೆ, ತೆಂಗಿನಕಾಯಿ ಇದ್ದರೆ ಅಂಬಾಸಿಡರಿನ ಹಿಂದಿನ ಚಕ್ರ ನೆಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಬಲ ಹೋಗುವುದೂ ಅದೇ ಚಕ್ರಕ್ಕೆ. ಹೊರೆ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಮಾರುತಿಯಲ್ಲಿ ಅದೇ ಹೊತ್ತಿಗೆ ಮುಂದಿನ ಚಕ್ರ ಹಗುರಾಗುತ್ತದೆ. ಪಾಚಿ ಕಟ್ಟಿದ, ಮಳೆಗೆ ನೆನೆದ ಕಡಿದಾದ ದಾರಿಯಲ್ಲಿ ಅದು ನಿಂತಲ್ಲೇ ಗಿರ‍್ರನೆ ತಿರುಗುವುದುಂಟು. ಮಲೆನಾಡಿನಲ್ಲಿ ಮನೆಯಂಗಳಕ್ಕೆ ಏರು ದಾರಿ ಇರುವವರು ಇದಕ್ಕೊಂದು ಉಪಾಯ ಮಾಡುತ್ತಾರೆ. ಕಾರನ್ನು ತಿರುಗಿಸಿ ರಿವರ್ಸ್ ಗೇರಿನಲ್ಲಿ ಹತ್ತಿಸುತ್ತಾರೆ. ಆಗ ಎಂಜಿನ್ನೂ, ಬಲ ಪಡೆಯುವ ಚಕ್ರವೂ ಇಳಿಜಾರಿನ ಕಡೆಗೆ ಬಂದು ಭಾರವೆಲ್ಲ ಅವುಗಳ ಮೇಲೆ ಬೀಳುತ್ತದೆ.

ಇಳಿಯುವಾಗ ಲೆಕ್ಕ ತಿರುಗುಮುರುಗು. ಗೇರಿನಲ್ಲಿಟ್ಟು ಎಂಜಿನ್ನಿನ ತಡೆಯಿಂದ ಕಾರು ಇಳಿಸುತ್ತೇವಲ್ಲ, ಆ ತಡೆ ಮಾರುತಿಯಲ್ಲಿ ಮುಂದಿನ ಚಕ್ರಕ್ಕೆ ಸಿಗುತ್ತದೆ. ಇಳಿಜಾರಿನಲ್ಲಿ ಭಾರ ಕೂತಿರುವುದೂ ಮುಂದಿನ ಚಕ್ರದ ಮೇಲೇ. ಅಂಬಾಸಿಡರಿನಲ್ಲಿ ತಡೆ ಬೀಳುವುದು ಹಗುರಾದ ಹಿಂದಿನ ಚಕ್ರಕ್ಕೆ. ಒದ್ದೆ ರಸ್ತೆಯಲ್ಲಿ ಖಾಲಿ ಅಂಬಾಸಿಡರನ್ನು ಇಳಿಸುತ್ತಾ ಒಮ್ಮೆಲೇ ಕೆಳಗಿನ ಗೇರಿಗೆ ಬಿದ್ದರೆ ಬಾಲ ಪಕ್ಕಕ್ಕೆ ಜಾರಬಹುದು. ಅನುಭವಿ ಡ್ರೈವರುಗಳು ಕ್ಲಚ್ಚನ್ನು ಮೆಲ್ಲಗೆ ಬಿಡುತ್ತಿದ್ದುದು ಬರೀ ನಯಗಾರಿಕೆಗಲ್ಲ.

ಬಯಲುಸೀಮೆಯ ಕಪ್ಪು ಮಣ್ಣಿನಲ್ಲಿ, ಸಮತಟ್ಟಾದ ಕೆಸರಿನಲ್ಲಿ ನಾನು ಮಾರುತಿಯ ಪಕ್ಷ. ಎಂಜಿನ್ನು, ಗೇರ್ ಬಾಕ್ಸು ಎರಡರ ತೂಕವೂ ಬಲ ಪಡೆಯುವ ಚಕ್ರದ ಮೇಲೆಯೇ ಇರುವುದರಿಂದ ಖಾಲಿ ಕಾರಿನಲ್ಲೂ ಹಿಡಿತವಿರುತ್ತದೆ. ಚಕ್ರ ಯಾವ ಕಡೆ ಮುಖ ಮಾಡಿದೆಯೋ ಆ ಕಡೆಗೇ ಕಾರನ್ನು ಎಳೆಯುತ್ತದೆ. ಇಷ್ಟಾದರೂ ಹೂತರೆ ನಾಲ್ಕು ಜನ ಸೇರಿ ಎತ್ತಿಡಬಹುದು, ಅಷ್ಟು ಹಗುರ. ಅಂಬಾಸಿಡರ್ ಹೂತರೆ ಟ್ರ್ಯಾಕ್ಟರೋ ಎತ್ತುಗಳೋ ಬರಬೇಕು. ಹೊಸದಾಗಿ ಕಾರು ಕಲಿಯುವವರಿಗೂ ಮಾರುತಿಯ ನಡತೆಯೇ ಕ್ಷೇಮ. ತಿರುವಿನಲ್ಲಿ ವೇಗ ಹೆಚ್ಚಾದರೆ ಅದರ ಮೂತಿ ಹೊರಕ್ಕೆ ಹೋಗುತ್ತದೆ. ಹೆದರಿದವರು ಸಹಜವಾಗಿಯೇ ಆಕ್ಸಲರೇಟರಿನಿಂದ ಕಾಲು ತೆಗೆಯುತ್ತಾರೆ, ಆಗ ಮೂತಿ ತಾನಾಗಿ ಒಳಕ್ಕೆ ಬರುತ್ತದೆ. ಹಿಂದಿನ ಚಕ್ರದ ಕಾರಿನ ಬಾಲ ಜಾರಿದಾಗ ಸ್ಟೇರಿಂಗನ್ನು ಜಾರಿದ ಕಡೆಗೇ ತಿರುಗಿಸಬೇಕು. ಅದು ಕೈಗೆ ಅಭ್ಯಾಸವಾಗಲು ಕಾಲ ಬೇಕು.

1980ರ ದಶಕದಲ್ಲಿ ಮೊದಲ ಬಾರಿಗೆ ಸ್ವಂತಕ್ಕೆ ಕಾರು ಓಡಿಸಿದ ಎಷ್ಟೋ ಹೆಂಗಸರು, ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನ ಗುಮಾಸ್ತರು ಮಾರುತಿಯಲ್ಲೇ ಕಲಿತರು. ಅಂಬಾಸಿಡರ್ ಓಡಿಸುವುದಕ್ಕೆ ಡ್ರೈವರ್ ಬೇಕು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿತ್ತು. ಮಾರುತಿ ಆ ಭಾವನೆಯನ್ನು ಮುರಿಯಿತು. ಅದರ ಹಗುರ ಕ್ಲಚ್ಚು, ಹಗುರ ಸ್ಟೇರಿಂಗು ನನ್ನ ಕಣ್ಣಿಗೆ ಅದರ ಮೈಲೇಜಿಗಿಂತ ದೊಡ್ಡ ಗುಣ.

ಹಾಗೆಂದು ಅಂಬಾಸಿಡರಿಗೆ ಹಿಂದಿನ ಚಕ್ರ ಕೊಟ್ಟದ್ದು ಹಳೆಯ ಕಾಲದ ದಡ್ಡತನ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆರೇಳು ಜನ, ಡಿಕ್ಕಿ ತುಂಬ ಸಾಮಾನು, ಮೇಲೆ ಕ್ಯಾರಿಯರ್‌ನಲ್ಲಿ ಹಾಸಿಗೆ, ಪಾತ್ರೆ ಹೊತ್ತು ಹೋಗುವ ಕಾರಿಗೆ ಹಿಂದಿನ ಚಕ್ರವೇ ಸರಿ. ಇವತ್ತಿಗೂ ಲಾರಿ, ಬಸ್ಸುಗಳನ್ನು ಹಾಗೇ ಕಟ್ಟುತ್ತಾರೆ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಪೇಟೆಗೆ ಹೋಗಿಬರುವ ಕಾರಿಗೆ ಮುಂದಿನ ಚಕ್ರ ಸರಿ. ಯಾವುದು ಮೇಲು ಎಂದು ಕೇಳುವವರನ್ನು ನಾನು ಮೊದಲು ಕೇಳುವುದು, ನಿಮ್ಮ ಕಾರಿನಲ್ಲಿ ಎಷ್ಟು ಜನ ಕೂರುತ್ತಾರೆ, ಭಾರ ಎಲ್ಲಿ ಬೀಳುತ್ತದೆ ಅಂತ.

ಇವತ್ತು ಈ ಕಾರುಗಳನ್ನು ಹುಡುಕಿ ಕೊಂಡು ಮತ್ತೆ ಓಡುವ ಹಾಗೆ ಮಾಡುವ ಹುಡುಗರು, ಹುಡುಗಿಯರು ಹೆಚ್ಚುತ್ತಿದ್ದಾರೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹಳೆಯ ಮಾರ್ಕ್ ಒಂದು, ಮಾರ್ಕ್ ಎರಡು ಅಂಬಾಸಿಡರ್‌ಗಳು ಆ ವಯಸ್ಸು ದಾಟಿವೆ. ಮೊತ್ತಮೊದಲ ಮಾರುತಿಗೆ ಐವತ್ತು ತುಂಬುವುದು 2033ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಹಳೆಯ ಮಾರುತಿಗಳು ಗುಜರಿಗೆ ಹೋಗದೆ ಉಳಿಯಬೇಕು. ಅಂಬಾಸಿಡರನ್ನು ಜನ ಪ್ರೀತಿಯಿಂದ ಉಳಿಸಿಕೊಳ್ಳುತ್ತಿದ್ದಾರೆ. ಮಾರುತಿಯನ್ನು ಮಾತ್ರ ಎಲ್ಲೆಲ್ಲೂ ಇತ್ತಲ್ಲ ಎಂಬ ಕಾರಣಕ್ಕೇ ಬಿಸಾಡುತ್ತಿದ್ದಾರೆ. ಇದನ್ನು ನೋಡಿದರೆ ನನಗೆ ನಿಜಕ್ಕೂ ಕಳವಳವಾಗುತ್ತದೆ. 1983ರಿಂದ 86ರವರೆಗಿನ ಮೊದಲ ಮಾದರಿಯ ಮಾರುತಿ ನಿಮ್ಮ ಓಣಿಯಲ್ಲಿ ಯಾರ ಮನೆಯಲ್ಲಾದರೂ ಟಾರ್ಪಾಲಿನ ಕೆಳಗಿದ್ದರೆ ದಯವಿಟ್ಟು ಅವರಿಗೆ ಅದರ ಬೆಲೆ ತಿಳಿಸಿ.

ಕೊಳ್ಳಲು ಹೋಗುವವರಿಗೆ ಎರಡು ಮಾತು. ಸಾಗರದ ಕಡೆಯ ಒಬ್ಬರು ಹಿರಿಯ ಮೆಕ್ಯಾನಿಕ್ ನನಗೆ ಮಾರುತಿ ಪರೀಕ್ಷಿಸುವುದನ್ನು ಹೀಗೆ ತೋರಿಸಿಕೊಟ್ಟಿದ್ದರು. "ಸಾರ್, ಸ್ಟೇರಿಂಗ್ ಪೂರ್ತಿ ಎಡಕ್ಕೆ ಕಟ್ ಮಾಡಿ, ಮೊದಲನೇ ಗೇರಲ್ಲಿ ಮೆಲ್ಲಗೆ ಸುತ್ತು ಹೊಡೀರಿ. ಆಮೇಲೆ ಬಲಕ್ಕೆ. ಟಕ್ ಟಕ್ ಅಂದ್ರೆ ಜಾಯಿಂಟ್ ಸವೆದಿದೆ ಅಂತ ಲೆಕ್ಕ." ಆ ಸದ್ದು ಬರುವುದು ನಾನು ಆಗ ಹೇಳಿದ ಆರು ಗುಂಡುಗಳಿಂದ. ಅವುಗಳನ್ನು ಕಾಯುವುದು ಒಂದು ರಬ್ಬರ್ ಬೂಟು. ಅದು ಹರಿದು ಗ್ರೀಸು ಚೆಲ್ಲಿ, ಕೆಸರು ಒಳಗೆ ಹೋದರೆ ಆ ಕನ್ನಡಿಯಂಥ ಓಣಿಗಳು ಕೆಲವೇ ವಾರಗಳಲ್ಲಿ ಹಾಳಾಗಬಹುದು. ಹಾಗಾಗಿ ಮಳೆಗಾಲದ ಮೊದಲು ಬಗ್ಗಿ ಆ ಬೂಟು ನೋಡಿಕೊಳ್ಳಿ, ಬಿರುಕು ಬಿಟ್ಟಿದ್ದರೆ ಆಗಲೇ ಬದಲಾಯಿಸಿ.

ಅಂಬಾಸಿಡರಿಗೆ ಕಿವಿ ಕೊಡಬೇಕಾದ್ದು ಹಿಂದಿನಿಂದ. ಕ್ಲಚ್ ಬಿಟ್ಟ ಕ್ಷಣ ಅಡಿಯಲ್ಲಿ ಠಣ್ ಎಂದರೆ ಕ್ರಾಸ್ ಸಡಿಲವಾಗಿದೆ, ಅದು ಸಣ್ಣ ಖರ್ಚು. ವೇಗ ಹೆಚ್ಚಿಸಿದಾಗ ಹಿಂದಿನ ಸೀಟಿನ ಕೆಳಗೆ ಕೊಯ್ಯೆಂದು ಕೂಗಿ, ಕಾಲು ತೆಗೆದರೆ ಆ ಕೂಗು ಬದಲಾದರೆ ಕ್ರೌನು ಪಿನಿಯನ್ನು ಸವೆದಿದೆ, ಅದು ದೊಡ್ಡ ಖರ್ಚು. ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚುವ ಮೊದಲು ಅದು ಹೌಸಿಂಗಿಗೆ ಸೇರುವ ಜಾಗದಲ್ಲಿ, ಎರಡೂ ಕಡೆ ಸೇರುವ ಹಾಗೆ ಉಳಿಯಿಂದ ಒಂದು ಗೆರೆ ಹಾಕಿಕೊಳ್ಳಿ. ತಿರುಗಿ ಜೋಡಿಸುವಾಗ ಗೆರೆಗೆ ಗೆರೆ ಕೂಡಿಸಿದರೆ ಮೊದಲಿದ್ದ ಸಮತೋಲ ಹಾಗೇ ಉಳಿಯುತ್ತದೆ. ಇಲ್ಲವಾದರೆ ಅರುವತ್ತರ ವೇಗಕ್ಕೆ ಇಡೀ ಕಾರು ಅದುರಲು ಶುರುವಾಗಬಹುದು. ಆಗ ಚಕ್ರ ಬ್ಯಾಲೆನ್ಸ್ ಮಾಡಿಸಿ, ಟೈರು ಬದಲಿಸಿ ಎಷ್ಟು ದುಡ್ಡು ಸುರಿದರೂ ಅದುರುವುದು ನಿಲ್ಲುವುದಿಲ್ಲ.